ಮಳೆ ಬಂದರೆ ಬಾಯಿ ಮುಚ್ಚುವ ಡಬ್ಬಿ

ಹೊಂಗಡಹಳ್ಳದ ಚನ್ನಬಸವಯ್ಯನವರು ಒಂದು ಹಿಡಿ ಕಾಫಿ ಬೀಜ ಎತ್ತಿ ಮೂಸಿ, ಮುಖ ಕಿವುಚಿ, ವಾಪಸ್ಸು ಕಣಕ್ಕೆ ಎಸೆದರು. ಆಮೇಲೆ ಸೊಸೆಯ ಮುಂದೆ ಅಂಗೈ ಚಾಚಿದರು.

"ಮುಗ್ಗಲು ವಾಸ್ನೆ ಹೊಡೀತೈತೆ. ಇನ್ನೊಂದ್ಸಲ ಕಣ ನೆಂದ್ರೆ ಸ್ಟೋರ್ ಬೀಗದ ಕೈ ಇಲ್ಲಿಗ್ ಬರ್ಬೇಕು ಕಣವ್ವ. ನೀನು ಆ ಡಬ್ಬಿ ಜೊತೆ ಆಟ ಆಡ್ಕಂಡಿರು."

ತನುಜಾಳಿಗೆ ಮೈ ಉರಿದುಹೋಯಿತು. ಈ ವರ್ಷದ ಕಣದ ಉಸ್ತುವಾರಿ ಅವಳೇ ಹಟ ಹಿಡಿದು ಪಡೆದದ್ದು. ಗಂಡ ರೇವಂತನಿಗೆ ಜೀಪು, ಕ್ರಿಕೆಟ್ಟು ಬಿಟ್ಟರೆ ಬೇರೆ ಧ್ಯಾನವಿಲ್ಲ. ಹಾಗಾಗಿ ಮಾವ ಗೊಣಗುತ್ತಲೇ ಬೀಗದ ಕೈ ಕೊಟ್ಟಿದ್ದರು. ಕೊಟ್ಟ ದಿನದಿಂದ ವಾಪಸ್ಸು ಇಸಿದುಕೊಳ್ಳಲು ನೆಪ ಹುಡುಕುತ್ತಿದ್ದರು. ಆ ನೆಪವನ್ನು ತನುಜಾಳೇ ಡಬ್ಬಿಯಲ್ಲಿ ಹಾಕಿ ಕೊಟ್ಟಂತಾಗಿತ್ತು.

ಡಬ್ಬಿಯೊಳಗೆ ಇದ್ದದ್ದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಸಕಲೇಶಪುರದ ರಯೀಸನ ಅಂಗಡಿಯದು. ಉಪಾಯ ಮಾತ್ರ ತನುಜಾಳದು. ಬಿಸ್ಲೆ ಕಡೆಯಿಂದ ಬರುವ ಮಳೆ ಮೊದಲು ದಿಣ್ಣೆಯ ಮೇಲಿನ ಮನೆಯನ್ನು ಹಿಡಿದು, ಆಮೇಲೆ ತಗ್ಗಿನ ಕಣಕ್ಕೆ ಇಳಿಯುತ್ತದೆ. ಮನೆಯ ಹೆಂಚಿನ ಮೇಲೆ ಕೂರಿಸಿದ ಸೆನ್ಸರಿಗೆ ಹನಿ ತಾಗಿದ್ದೇ ವೈಫೈಯಲ್ಲಿ ಸುದ್ದಿ ಹೋಗಬೇಕು, ಕಣದ ಸ್ಟೋರಿನಲ್ಲಿರುವ ಬೋರ್ಡು ಸೈರನ್ ಕೂಗಿಸಬೇಕು, ಆಳುಗಳು ತಮ್ಮ ವಸತಿಯ ಲೈನಿನಿಂದ ಓಡಿಬಂದು ಬೀಜಕ್ಕೆ ಟಾರ್ಪಾಲು ಹೊದಿಸಬೇಕು. ಬಿಸಿಲಿನಲ್ಲಿ ಸೆನ್ಸರಿನ ಮೇಲೆ ಒಂದು ಚೊಂಬು ನೀರು ಹೊಯ್ದು ನೋಡಿದಾಗ ಸೈರನ್ ಎಂಥಾ ಬೊಬ್ಬೆ ಹೊಡೆಯಿತೆಂದರೆ, ಮಾವನವರು ಲೋಟದ ಕಾಫಿಯನ್ನು ಪಂಚೆಗೇ ಕುಡಿಸಿಬಿಟ್ಟರು. ತನುಜಾ ಹಿಗ್ಗಿ ಹೀರೇಕಾಯಿಯಾದಳು. ನಿಜವಾದ ಮಳೆ ಬಂದ ದಿನ ಮುಂಡೇದು ತುಟಿ ಬಿಚ್ಚಲಿಲ್ಲ. ಅರ್ಧ ಕಣ ನೆನೆಯಿತು.

"ಅಮ್ಮಾವ್ರೇ, ನಿಮ್ ಕೋಳಿ ಬಿಸ್ಲಾಗ್ ಮಾತ್ರ ಕೂಗದಾ?" ಎಂದು ಲೈನಿನ ಈರಮ್ಮ ಎಲ್ಲರೆದುರೇ ಕೇಳಿದಳು.

ರಯೀಸ್ ಬೈಕಿನಲ್ಲಿ ಬಂದ. ಡಬ್ಬಿ ನೋಡಿದವನೇ ಹಣೆ ಚಚ್ಚಿಕೊಂಡ. ಇಲಿ ಕಡಿಯದಿರಲಿ ಎಂದು ಅತ್ತೆ ಸುಲೋಚನಮ್ಮ ಕೊಟ್ಟಿದ್ದ ಸ್ಟೀಲಿನ ಚಕ್ಕುಲಿ ಡಬ್ಬಿ ಅದು.

"ಅಕ್ಕ, ಸ್ಟೀಲ್ ಒಳಗೆ ಕೂರ್ಸಿ ಮುಚ್ಳ ಜಡಿದ್ರೆ ಸಿಗ್ನಲ್ ಎಲ್ಲಿಂದ ನುಗ್ಗದು?"

ಬೋರ್ಡು ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು. ಮತ್ತೆ ಮೋಡ ಕಟ್ಟಿತು, ಮತ್ತೆ ವೈಫೈ ಕಡಿಯಿತು. ಹಳೆ ಫೋನಿನ ಚಾರ್ಜರಿಗೆ ತಾಕತ್ತಿಲ್ಲ ಎಂದು ಅದನ್ನು ಕಿತ್ತು ಗಟ್ಟಿಯಾದದ್ದೊಂದನ್ನು ಹಾಕಿದರು. ಕೆಲಸವಿಲ್ಲದಾಗ ಬೋರ್ಡಿನ ವೈಫೈ ನಿದ್ದೆಗೆ ಜಾರುವ ಚಾಳಿಯನ್ನು ಬಿಡಿಸಿದರು. ಚಾನೆಲ್ ಬದಲಾಯಿಸಿದರು, ಆಂಟೆನಾ ತಿರುಗಿಸಿದರು. ಕೊನೆಗೆ ತನುಜಾಳ ಕಣ್ಣು, ಅತ್ತೆ ದಿನಾ ಬೆಳಗ್ಗೆ ಬೋರ್ಡಿಗೆ ಎಳೆಯುತ್ತಿದ್ದ ವಿಭೂತಿಯ ಮೇಲೂ ಬಿತ್ತು.

"ಶಿವ ಶಿವಾ! ವಿಭೂತಿಯಿಂದ ಕೆಟ್ಟೋದ ವಸ್ತು ಭೂಮಿ ಮೇಲ್ ಯಾವ್ದೈತೆ, ತೋರ್ಸು ನೋಡನ," ಎಂದರು ಸುಲೋಚನಮ್ಮ.

ಬಿಸಿಲಿದ್ದರೆ ಇಡೀ ದಿನ ಒಮ್ಮೆಯೂ ಕಡಿಯದ ವೈಫೈ, ಮೋಡ ಕಂಡ ಕೂಡಲೇ ಸಾಯುತ್ತಿತ್ತು. ತಪ್ಪನ್ನು ಕರೆಂಟಿನ ಮೇಲೆ ಹಾಕೋಣವೆಂದರೆ ಮನೆಯ ರೂಟರ್ ಇನ್ವರ್ಟರಿನಲ್ಲಿತ್ತು. ಕರೆಂಟು ಹೋದದ್ದೂ ಬಂದದ್ದೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ರಯೀಸ್ ಕೈಚೆಲ್ಲಿದ.

"ಇದು ಕಂಪ್ಯೂಟರ್ ಕಾಯ್ಲೆ ಅಲ್ಲ ಅಕ್ಕ. ಬೇಕಾದ್ರೆ ದರ್ಗಾದಲ್ಲಿ ಒಂದ್ ಮಾತ್ ಹೇಳಿಡ್ತೀನಿ."

ಮೋಡ ಕಂಡರೆ ಕಣಕ್ಕೆ ಓಡುವುದು ತನುಜಾಳ ರೂಢಿ. ಮಾವ ಅಂಗೈ ಚಾಚಿದ ಮಾರನೆಯ ಮಧ್ಯಾಹ್ನ ಮಾತ್ರ ಅವಳು ಬೀಜಕ್ಕೆ ಮೊದಲೇ ಟಾರ್ಪಾಲು ಹೊದಿಸಿ, ಮನೆಯ ಹಜಾರದಲ್ಲೇ ಲ್ಯಾಪ್‌ಟಾಪ್ ತೆರೆದು ಕುಳಿತಳು. ಏನಾಗುತ್ತದೋ ನೋಡಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿದಳು. ಪರದೆಯ ಮೇಲೆ ಬೋರ್ಡು ಜೀವಂತವಾಗಿತ್ತು. ದೂರದಲ್ಲೆಲ್ಲೋ ಗುಡುಗಿತು. ಬೋರ್ಡು ಸತ್ತಿತು.

ತಲೆಯೆತ್ತಿದರೆ ಎದುರಿಗೆ ಅತ್ತೆ. ತಲೆಗೆ ಸೆರಗು, ಕೈಗೆ ಸುತ್ತಿದ ಒಣ ಟವೆಲ್ಲು, ಆ ಕೈಯಲ್ಲಿ ರೂಟರಿನ ಪ್ಲಗ್ಗು. ಮುಂದೆ ಟೀವಿ, ಫ್ರಿಜ್ಜು, ಮಿಕ್ಸಿ, ಎಲ್ಲವನ್ನೂ ಕಳೆ ಕಿತ್ತಂತೆ ಕೀಳುತ್ತ ಹೋದರು. ಈ ಕಡೆ ಯಾವ ಮನೆಯಲ್ಲಿ ಕೀಳುವುದಿಲ್ಲ ಹೇಳಿ! ಗುಡುಗಿದ್ದು ಕಿವಿಗೆ ಬೀಳುವ ಮೊದಲೇ ಕೈ ಪ್ಲಗ್ಗಿಗೆ ಹೋಗಿರುತ್ತದೆ. ತನುಜಾ ನೋಡಿಕೊಂಡರೆ ಅವಳ ಎಡಗೈಯೂ ಆಗಲೇ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಹಿಡಿದಿತ್ತು.

"ಅತ್ತೆ! ಇಷ್ಟ್ ದಿನ ಕಿತ್ತಿದ್ದು ನೀವಾ?"

"ನಾನೇ ಮತ್ತೆ. ಹೋದೊರ್ಷ ಸಿಡ್ಲು ಹೊಡ್ದು ಟೀವಿ ಹೊಗೆ ಬುಡ್ನಿಲ್ವಾ? ಮಳೆ ನಿಂತ್ಮೇಲೆ ನಾನೇ ಹಾಕೂ ಇಡ್ತೀನಲ್ಲ."

"ಒಂದ್ ಮಾತ್ ಹೇಳ್ಬಾರ್ದಾ? ನನ್ ಮಾನ ಹೋಯ್ತಾ ಐತೆ ಅತ್ತೆ!" ತನುಜಾ ಕಿರುಚಿದಳು.

"ನೀನ್ ಕೇಳಿದ್ಯಾ? ಡಬ್ಬಿ ಕೇಳಿದ್ರಿ, ವೈರ್ ಕೇಳಿದ್ರಿ, ನನ್ ವಿಭೂತೀನೂ ಬುಡ್ನಿಲ್ಲ. ಪ್ಲಗ್ ಕೇಳಿದೋರ್ ಯಾರು?" ಸುಲೋಚನಮ್ಮ ಪ್ಲಗ್ಗನ್ನು ಸೊಸೆಯ ಮುಂದೆ ಹಿಡಿದರು. "ನಿನ್ ಸಾಮಾನು ಸುಟ್ಟೋಗ್ಬಾರ್ದು ಅಂತ ಮೊದ್ಲು ಅದ್ರದ್ದೇ ಕೀಳ್ತೀನಿ ಕಣೇ. ಟೀವಿ ಆಮೇಲೆ."

ತನುಜಾಳಿಗೆ ನಾಚಿಕೆಯಾಯಿತು. ಅಂಗಳಕ್ಕೆ ಬಂದು ನಿಂತಳು. ಅಂಗಳ ಒಣಗಿಯೇ ಇತ್ತು. ಸ್ವಲ್ಪ ಹೊತ್ತು ಕಳೆದ ಮೇಲೆ ಮೊದಲ ಹನಿ ಬಿತ್ತು. ಅಲ್ಲಾ, ಸೆನ್ಸರಿಗಾದರೆ ಹನಿಯೇ ಬೇಕು. ಈ ಮಹಾತಾಯಿಗೆ ಆನೇಮಹಲಿನ ಆಚೆ ಗುಡುಗಿದರೂ ಸಾಕು! ತನುಜಾ ಒಳಗೆ ಓಡಿಹೋಗಿ ಅತ್ತೆಯ ಟವೆಲ್ಲು ಸುತ್ತಿದ ಕೈಯನ್ನು ಹಿಡಿದುಕೊಂಡಳು.

"ಅತ್ತೆ, ತಪ್ಪಾಯ್ತು. ನೀವ್ ಎಂದಿನಂಗೇ ಕೀಳಿ. ಗುಡುಗಿದ್ ತಕ್ಷಣ ಕೀಳಿ."

ಸೆನ್ಸರಿನ ಸುದ್ದಿಗೆ ಕಾಯುವ ಕೆಲಸವನ್ನು ಬೋರ್ಡಿನಿಂದ ತೆಗೆದುಹಾಕಿದಳು. ವೈಫೈ ಸತ್ತ ಕೂಡಲೇ ಬಾಯಿ ಬಡಿದುಕೋ ಎಂದಷ್ಟೇ ಅದಕ್ಕೆ ಹೇಳಿಕೊಟ್ಟಳು. ಮಾವನಿಗೆ ಮಾತ್ರ ಏನೂ ಹೇಳಲಿಲ್ಲ.

ಆ ವಾರವೇ, ಕಣದ ತುಂಬ ಬೀಜ ಹರಡಿ ಸುಡುಬಿಸಿಲು ಹೊಡೆಯುತ್ತಿದ್ದಾಗ ಸೈರನ್ ಬೊಬ್ಬೆ ಹೊಡೆಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಷೀನಿನ ಸದ್ದಿನಲ್ಲಿ ಗುಡುಗು ಯಾರಿಗೂ ಕೇಳಿರಲಿಲ್ಲ. ಲೈನಿನ ಹೆಂಗಸರು ಓಡಿಬಂದು ಆಕಾಶ ನೋಡಿ ಕಿಸಕ್ಕನೆ ನಕ್ಕರು.

"ಹೊದಿಸ್ರೇ, ಆಮೇಲ್ ನಗೀರಂತೆ!" ಎಂದು ತನುಜಾ ಕೂಗಿದಳು. ಈರಮ್ಮ ಬೈಯುತ್ತಲೇ ಟಾರ್ಪಾಲು ಎಳೆದಳು.

"ಡಬ್ಬಿಗೆ ಹುಚ್ಚಿಡೀತಾ?" ಚನ್ನಬಸವಯ್ಯನವರು ಕುಲುಕುಲು ನಗುತ್ತ ಬಂದು ಅಂಗೈ ಚಾಚಿದರು. "ಸಾಕವ್ವ. ಕೊಡಿಲ್ಲಿ ಬೀಗದ ಕೈ."

ಚಾಚಿದ ಅಂಗೈ ಮೇಲೆ ದಪ್ಪನೆಯ ಹನಿಯೊಂದು ಬಿತ್ತು. ಮಾವ ಅದನ್ನು ನೋಡಿದರು. ಆಕಾಶವನ್ನು ನೋಡಿದರು. ಅಷ್ಟರಲ್ಲಿ ಮಳೆ ದಬದಬನೆ ಸುರಿಯಿತು. ಟಾರ್ಪಾಲಿನ ಅಡಿಯ ಬೀಜ ಬೆಚ್ಚಗಿತ್ತು. ಚನ್ನಬಸವಯ್ಯನವರೊಬ್ಬರು ಪೂರ್ತಿ ನೆಂದರು. ಬೀಗದ ಕೈ ತನುಜಾಳ ಸೊಂಟದಲ್ಲೇ ಇತ್ತು.

"ಹನಿ ಬೀಳಕ್ ಮುಂಚೇನೇ ಅದಕ್ಕೆಂಗ್ ಗೊತ್ತಾಯ್ತು?" ಎಂದು ಅವರು ದಿಣ್ಣೆ ಹತ್ತುವವರೆಗೂ ಕೇಳುತ್ತಲೇ ಬಂದರು.

"ಅತ್ತೇನೇ ಕೇಳಿ ಮಾವ," ಎಂದಳು ತನುಜಾ.

ಸುಲೋಚನಮ್ಮ ಪ್ಲಗ್ಗು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ನಾನೇನ್ ಮಾಡ್ದೆ? ಗುಡುಗ್ತು, ಕಿತ್ತೆ. ಪುಕ್ಲಿ ಪುಕ್ಲಿ ಅಂತ ಮದ್ವೆ ಆದಾಗಿಂದ ಆಡ್ಕಂಡ್ರಲ್ಲ, ಈಗ್ ಹೋಗಿ ಒಣಗಿರೋ ಪಂಚೆ ಉಟ್ಕಳಿ."