ನೆನೆಯದ ಅಕ್ಕಿ

ಪೊಲೀಸರು ಬೇಡ, ಅಕ್ಕಿ ಅಗಿಸಿ ನೋಡೋಣ ಎಂದವಳು ನಾನೇ.

ಎಪ್ಪತ್ತೊಂಬತ್ತನೇ ಇಸವಿ. ಪೀಣ್ಯದ ಒಂದು ಪಂಪು ಕಾರ್ಖಾನೆಯಲ್ಲಿ ನಾನು ಕಸ ಗುಡಿಸುತ್ತಿದ್ದೆ; ತಮ್ಮ ನಲ್ಲಪ್ಪ ಸ್ಟೋರಿನಲ್ಲಿ ಹೆಲ್ಪರ್. ಒಂದು ದಿನ ಬೆಳಗ್ಗೆ ಬಂದು ನೋಡಿದರೆ, ಪಂಪಿನೊಳಗೆ ಕೂರಿಸುವ ಹಿತ್ತಾಳೆ ಬುಷ್ಷುಗಳ ಪೆಟ್ಟಿಗೆ ಮಾಯ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ನಲ್ಲಪ್ಪ ಮತ್ತು ವಾಚ್‌ಮನ್ ಚಿಕ್ಕಬೈರಪ್ಪ. ಮ್ಯಾನೇಜರು ಠಾಣೆಗೆ ಫೋನ್ ಮಾಡಲು ಹೊರಟರು.

ಹಿಂದಿನ ರಾತ್ರಿಯೆಲ್ಲ ನಲ್ಲಪ್ಪ ಜ್ವರದಲ್ಲಿ ನನ್ನ ಮನೆಯಲ್ಲೇ ಮಲಗಿದ್ದ. ಅಕ್ಕನ ಸಾಕ್ಷಿಯನ್ನು ಯಾರು ನಂಬುತ್ತಾರೆ? ಯಾರಾದರೂ ದನಿ ಎತ್ತಿದರೆ ಸಾಕು, ನಡುಗುವ ಪ್ರಾಣಿ ಅವನು. ಠಾಣೆ ಕಂಡರೆ ಉಳಿಯುವುದಿಲ್ಲ ಅನ್ನಿಸಿತು. ನಮ್ಮೂರಲ್ಲಿ ಕಳವಾದರೆ, ದೇವರ ಮುಂದಿಟ್ಟ ಅಕ್ಕಿಯನ್ನು ಎಲ್ಲರಿಗೂ ಅಗಿಯಲು ಕೊಡುತ್ತಾರೆ. ಕಳ್ಳನ ಬಾಯಲ್ಲಿ ಅದು ನೆನೆಯುವುದಿಲ್ಲ. ಮ್ಯಾನೇಜರು ತಮಾಷೆಗೆಂದು ಒಪ್ಪಿದರು.

"ಏನ್ ಭದ್ರಕ್ಕಾ, ಬರೀ ಅಕ್ಕೀನಾ? ಬೆಲ್ಲ, ಕಾಯಿ ಏನೂ ಇಲ್ವಾ?" ಎಂದ ಚಿಕ್ಕಬೈರಪ್ಪ. ಅವನ ಬಾಯಲ್ಲಿ ಎಲೆಅಡಿಕೆ ಇಲ್ಲದ ಹೊತ್ತೇ ಇರಲಿಲ್ಲ. ಕೊಟ್ಟ ಅಕ್ಕಿಯನ್ನು ಅಗಿದು, ಕೆಂಪಗೆ, ಹಿಟ್ಟಿನ ಮುದ್ದೆಯಂತೆ ಉಗಿದ.

ನಲ್ಲಪ್ಪನ ಬಾಯಿಂದ ಮುಂದೆ ಹಾಸಿದ್ದ ಬಾಳೆಎಲೆಯ ಮೇಲೆ ಬಿದ್ದದ್ದು ಒಣ ನುಚ್ಚು.

"ನೋಡಮ್ಮ, ನಿಮ್ ದೇವ್ರೇ ಹೇಳ್ಬಿಟ್ಟ," ಎಂದು ಮ್ಯಾನೇಜರು ಫೋನ್ ಎತ್ತಿದರು.

"ನಂಗೆ ಜ್ವರ ಇತ್ತಲ್ಲಕ್ಕಾ?" ಎಂದ ನಲ್ಲಪ್ಪ.

ನಾನು ಆ ನುಚ್ಚನ್ನೇ ನೋಡುತ್ತಿದ್ದೆ. "ಇತ್ತು. ನಂಗೆ ಕಣ್ಣು ಹತ್ತಿದ್ಮೇಲೆ ಎದ್ದೋಗಿದ್ಯೇನೋ?" ಎಂದೆ.

ಠಾಣೆಯಲ್ಲೂ ಅದೇ ಪ್ರಶ್ನೆ, ಮೂರು ದಿನ. ಬುತ್ತಿ ಕೊಡಲು ಹೋದಾಗ ಅವನ ಮುಖ ಊದಿತ್ತು.

"ನಾನೇ ಎದ್ದೋಗಿರ್ಬೇಕು ಕಣಕ್ಕಾ. ಅಕ್ಕಿ ಸುಳ್ಳು ಯೋಳ್ತದಾ?"

"ಪೆಟ್ಗೆ ಎಲ್ಲಿಟ್ಟೆ?"

"ಅದೇ ಗ್ಯಾಪ್ಕ ಬರ್ತಿಲ್ಲ. ಕೆರೆಗೆಸ್ದಿರ್ತೀಯ ಅಂದ್ರು ಸಾಯೇಬ್ರು. ಅಂಗೇ ಇರ್ಬೇಕು."

ಕೆರೆಯಲ್ಲಿ ಕೆಸರು ಬಿಟ್ಟು ಏನೂ ಸಿಗಲಿಲ್ಲ. ಆದರೂ ಜೈಲಿಗೆ ಹಾಕಿದರು.

ಎಂಟು ತಿಂಗಳಾದ ಮೇಲೆ ಚಿಕ್ಕಬೈರಪ್ಪ ಗೇಟಿನಲ್ಲಿ ಸಿಕ್ಕಿಬಿದ್ದ. ಊಟದ ಕ್ಯಾರಿಯರ್ ತುಂಬ ಹಿತ್ತಾಳೆ ಬುಷ್ಷು. ಹಳೆಯ ಪೆಟ್ಟಿಗೆಯನ್ನೂ ಒಪ್ಪಿಕೊಂಡ. ನಲ್ಲಪ್ಪನನ್ನು ಬಿಟ್ಟರು.

ಕರೆತರಲು ಹೋದಾಗ ಜೈಲಿನ ಡಾಕ್ಟರು ಹೇಳಿದರು: ಬಾಯಿ ಒಣಗುವುದು ಭಯಕ್ಕೆ, ಕಳ್ಳತನಕ್ಕಲ್ಲ. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳಿದರೆ, ಮೆತ್ತಗಿನವನು ತನ್ನ ನೆನಪನ್ನೇ ಕೈಬಿಡುತ್ತಾನೆ.

"ಮೊದಲು ಹಾಗೆ ಕೇಳಿದವರು ಯಾರಮ್ಮ?" ಎಂದರು. ನಾನು ಅವನ ಬಟ್ಟೆಯ ಗಂಟು ಎತ್ತಿಕೊಂಡೆ.

ಈಗ ಅವನು ನನ್ನ ಮನೆಯಲ್ಲೇ ಇದ್ದಾನೆ. ಚಿಕ್ಕಬೈರಪ್ಪ ಒಪ್ಪಿಕೊಂಡದ್ದನ್ನು ಎಷ್ಟು ಸಲ ಹೇಳಿದರೂ, "ಅವ್ನ್ ಜೊತೆ ನಾನೂ ಇದ್ನೇನೋ," ಅನ್ನುತ್ತಾನೆ. ಅನ್ನಕ್ಕೆ ಕೂತಾಗಲೆಲ್ಲ ಮೊದಲ ತುತ್ತನ್ನು ಅಗಿದು, ಅಂಗೈಗೆ ಉಗಿದು ನನ್ನ ಮುಂದೆ ಹಿಡಿಯುತ್ತಾನೆ.

"ನೆಂದೈತಾ ನೋಡಕ್ಕಾ?"

"ನೆಂದೈತೆ ಕಣಪ್ಪ, ಉಣ್ಣು."

ನನ್ನ ಮಾತನ್ನು ಅವನು ನಂಬುವುದಿಲ್ಲ. ಯಾಕೆ ನಂಬಬೇಕು?