ಮಸಿ ಬಳಿದ ಉಪಕಾರ

'ಕೈಯಿದ್ದಾಗ ವಿಮಾನವಿಲ್ಲ, ವಿಮಾನವಿದ್ದಾಗ ಕೈಯಿಲ್ಲ.' ಗಾದೆಯಿಂದ ಹಲ್ಲನ್ನೂ ಕಡಲೆಯನ್ನೂ ಹೀಗೆ ನೋವಿಲ್ಲದೆ ಕಿತ್ತುಹಾಕಿದವರು ಒಬ್ಬ ಹಲ್ಲಿನ ಡಾಕ್ಟರು. ಗಾದೆ ಸುಳ್ಳಾಯಿತು, ಒಪ್ಪಿದೆ. ಕಥೆ ಮಾತ್ರ ಸುಳ್ಳಲ್ಲ.

ಆ ಮಾತು ಹೇಳುವಾಗ ಅವರು ಊಟದ ಮೇಜಿನ ಮುಂದೆ ಕೂತು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಕ್ಲಿನಿಕ್ಕು ನಡೆಸುವಾಗ ಬಿಡುವಿರಲಿಲ್ಲ. ಅದರ ಬಾಗಿಲು ಮುಚ್ಚಿದ ಮೇಲೆ ಹಳೆಯ ಕಾಲದ ಯುದ್ಧವಿಮಾನದ ಪುಟ್ಟ ಮಾದರಿ ಜೋಡಿಸುವ ಕಿಟ್ ತರಿಸಿ, ಅಂಗೈಯಗಲದ ರೆಕ್ಕೆ, ಬೆರಳುದ್ದದ ಮೂತಿ, ಸಾಸಿವೆ ಕಾಳಿನಷ್ಟು ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಅಂಟಿಸಿದ್ದರು. ಹಸಿರು ಬಣ್ಣವೂ ಒಣಗಿತ್ತು. ಇನ್ನು ನಿಜವಾಗಿ ಯುದ್ಧದಲ್ಲಿ ಹಾರಿ ಬಂದಂತೆ ಕಾಣಲು ಬಣ್ಣದಲ್ಲೇ ಕೊಳೆ ಮಾಡುವುದೊಂದೇ ಬಾಕಿ: ಹೊಗೆಕೊಳವೆಯ ಹಿಂದೆ ಮಸಿ, ರೆಕ್ಕೆಯ ಬುಡದಲ್ಲಿ ಪೈಲಟ್ಟನ ಬೂಟು ಕೆರೆದ ಗುರುತು, ಎಂಜಿನ್ನಿನ ಕೆಳಗೆ ಸೋರಿದ ಎಣ್ಣೆ. ಅಷ್ಟರಲ್ಲಿ ಪಾರ್ಶ್ವವಾಯು ಬಂದು ಹೋಯಿತು. ಹೋಗುವಾಗ ನಡುಕವನ್ನು ಕೈಯಲ್ಲೇ ಮರೆತು ಹೋಯಿತು.

"ಈ ಕೈಯಲ್ಲಿ ಬ್ರಷ್ ಹಿಡಿದ್ರೆ ವಿಮಾನಕ್ಕೇ ಚಳಿಜ್ವರ ಬಂದ ಹಾಗಿರುತ್ತೆ. ಯಾರಿಗಾದ್ರೂ ಕೊಟ್ಬಿಡು," ಎಂದು ಹೆಂಡತಿಗೆ ಹೇಳಿ ಪೆಟ್ಟಿಗೆ ಮುಚ್ಚಿದರು.

ಹೆಂಡತಿ ಕೊಡಲಿಲ್ಲ. ಫೋಟೋ ತೆಗೆದು ಪುಟ್ಟ ವಿಮಾನಗಳ ಸಂಘದ ಪ್ರದರ್ಶನಕ್ಕೆ ಕಳಿಸಿದರು. ಗಂಡನ ಸಂಕಟವನ್ನು ತಮ್ಮ ತಮ್ಮನ ಕಿವಿಗೂ ಹಾಕಿದರು. ಆ ತಮ್ಮನೋ, ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿ ಬಾಡಿಗೆಗಿಟ್ಟುಕೊಂಡವನು.

ಮಾರನೆಯ ಬೆಳಗ್ಗೆ, ಕರೆದವರ ನಂಬರು ತೋರಿಸದ ಡಾಕ್ಟರ ಹಳೆಯ ಫೋನು ಹೊಡೆದುಕೊಂಡಿತು. ಎತ್ತಿದರೆ, ಆ ಕಡೆಯ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು. ಹಾಗೆ ಮಾತಾಡುವವರು ಸಂಘದ ಕಾರ್ಯದರ್ಶಿಯೇ ಸರಿ.

"ಏನ್ ಡಾಕ್ಟ್ರೇ, ಯುದ್ಧಕ್ಕೆ ಹೋಗೋ ವಿಮಾನ ಕೇಳಿದ್ರೆ ಹೆಣ್ಣು ನೋಡೋಕೆ ಹೊರಟ ಗಂಡಿನ ಫೋಟೋ ಕಳ್ಸಿದ್ದೀರಲ್ಲ! ಮೈಮೇಲೆ ಒಂದು ಕಲೆ ಇಲ್ಲ. ನಮ್ಮದು ಕಲೆ ಇರೋರ ಸಂಘ, ಅರ್ಥವಾಯ್ತಲ್ಲ?"

"ಅದು... ನನ್ನ ಕೈ ಸ್ವಲ್ಪ..."

"ಕೈ ಪುರಾಣ ಬೇಡ. 'ಹೇಡಿ ವಿಮಾನ' ಅಂತ ಚೀಟಿ ಅಂಟಿಸಿ ಮೂಲೇಲಿ ಇಡ್ತೀನಿ. ಬೇಡ ಅಂದ್ರೆ ಸಂಜೆಯೊಳಗೆ ಒಂಚೂರು ಮಸಿ ಬಳಿದು ಮಾನ ಉಳಿಸ್ಕೊಳ್ಳಿ!"

ಡಾಕ್ಟರು ಫೋನನ್ನು ಕುಕ್ಕಿದರು. "ಹೇಡಿಯಂತೆ! ಎಲ್ಲಿಟ್ಟೆ ಕಣೇ ಪೆಟ್ಟಿಗೆ?"

ಮೊದಲ ಗೆರೆಗೇ ಕೈ ಹಾರಿತು. ನೇರ ಹೋಗಬೇಕಾದ ಮಸಿ ತಡವರಿಸಿ, ಒಡೆದು, ರೆಕ್ಕೆಯ ಮೇಲೆಲ್ಲ ಚದುರಿತು. ಬ್ರಷ್ ಎಸೆಯಲು ಹೊರಟವರು ಯಾಕೋ ತಡೆದು ನಿಂತು, ಕನ್ನಡಕ ಏರಿಸಿ, ಬಾಗಿ ನೋಡಿದರು. ಕೈ ಗಟ್ಟಿಯಿದ್ದಾಗ ಚೂರು ಪ್ಲಾಸ್ಟಿಕ್ಕಿನ ಮೇಲೆ ಎಷ್ಟೋ ಸಲ ಅಭ್ಯಾಸ ಮಾಡಿದ್ದರು. ಪ್ರತಿ ಸಲವೂ ಮಸಿ ಟ್ರಿಮ್ ಮಾಡಿದ ಮೀಸೆಯಂತೆ ಬಂದಿತ್ತು. ಇದು ಮೀಸೆಯಲ್ಲ, ಹೊಗೆ. ಗಾಳಿಗೆ ಸಿಕ್ಕ ಹೊಗೆ ಸ್ಕೇಲು ಹಿಡಿದು ಹೋಗುತ್ತದೆಯೇ? ಅವರು ಆಮೇಲೆ ಕೈಯನ್ನು ಗದರಿಸಲಿಲ್ಲ. ಅದು ನಡುಗಿದತ್ತ ಎಣ್ಣೆ ಸೋರಿತು, ಬಣ್ಣ ಚಕ್ಕೆಯೆದ್ದಿತು. ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಸಂಜೆ, ಬ್ರಷ್ಷನ್ನು ಬಲಗೈಯಲ್ಲಿ ಹಿಡಿದಂತೆಯೇ ಕಾರ್ಯದರ್ಶಿಗೆ ಫೋನು ಮಾಡಿದರು.

"ಯಾವನ್ರೀ ಹೇಡಿ? ಬಂದು ನೋಡ್ರೀ ಈಗ!"

ಆ ಕಡೆ ಮೂಗು ಗಾಬರಿಯಾಯಿತು. "ನಾನು ಫೋನೇ ಮಾಡಿಲ್ವಲ್ಲ ಡಾಕ್ಟ್ರೇ! ನಿಮ್ಮ ವಿಮಾನಾನ ನಿನ್ನೇನೇ ಸೇರಿಸ್ಕೊಂಡಾಯ್ತು, ಅರ್ಥವಾಯ್ತಲ್ಲ?"

ಅರ್ಥವಾಯಿತು. ಡಾಕ್ಟರು ನಿಧಾನ ತಿರುಗಿದರು. ಬಾಗಿಲಲ್ಲಿ ಹೆಂಡತಿ, ಅವರ ಬೆನ್ನ ಹಿಂದೆ, ಬಿಳಿ ಅಂಗಿ ತೊಟ್ಟ ಭಾವಮೈದ. ಇನ್ನು ಬ್ರಷ್ಷು ಕಸದ ಬುಟ್ಟಿಗೆ ಬಿತ್ತೆಂದೇ ಇಬ್ಬರೂ ಅಂದುಕೊಂಡರು.

"ತಪ್ಪಾಯ್ತು ಭಾವ," ಎಂದ ಅವನು, ಅಪರೂಪಕ್ಕೆ ತನ್ನದೇ ದನಿಯಲ್ಲಿ.

"ನಿನ್ನ ದನೀನ ನಾನು ನಂಬಲ್ಲ. ಆ ಮೂಗಲ್ಲೇ ಹೇಳೋ."

"ತಬ್ಬಾಯ್ತು ಡಾಕ್ಟ್ರೇ..."

ಹೆಂಡತಿ ಕಿಸಕ್ಕೆಂದರು. ಡಾಕ್ಟರ ಬಾಯಿಂದ ನಗು ಸ್ಫೋಟಿಸಿತು. ಕೈ ನಡುಗಿದ್ದು ರೋಗಕ್ಕೋ ನಗುವಿಗೋ, ಬ್ರಷ್ಷಿನ ಮಸಿ ಹಾರಿ ಬಿಳಿ ಅಂಗಿಯ ತುಂಬ ಸಿಡಿಯಿತು.

"ಅಯ್ಯೋ, ಹೊಸಾ ಅಂಗಿ ಭಾವ!"

"ಇರಲಿ ಬಿಡೋ! ನೀನು ಮಾಡಿದ ಉಪಕಾರಕ್ಕೆ ನಾನು ಇನ್ನೇನು ತಾನೇ..." ಮುಂದಿನದನ್ನು ನಗು ನುಂಗಿತು. ಅಂಗಿ ಒರೆಸಿಕೊಳ್ಳಲು ಹೊರಟವನ ಕೈಯನ್ನು ತಮ್ಮ ನಡುಗುವ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಿಡದೆ, ಮನೆಯಲ್ಲಿ ಬೇರೆ ಯಾರ ನಗುವೂ ಕೇಳಿಸದ ಹಾಗೆ ಅವರು ನಗುತ್ತಲೇ ಇದ್ದರು.