ಹೊರಹಳಿಯ ಮುಕ್ಕಾಲು ಇಂಚು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಶಿವಮೂರ್ತಪ್ಪ ಎಂಜಿನ್ನಿನ ಬಾಯ್ಲರಿಗೆ ಬೆಂಕಿ ಹಾಕಿದ. 1961ರ ಜನವರಿ, ದಾವಣಗೆರೆಯ ಹತ್ತಿ ವ್ಯಾಪಾರಿ ವಾಮದೇವಪ್ಪನವರ ಬಂಗಲೆಯ ಮುಂದಿನ ಹುಲ್ಲುಹಾಸು.

ಎಂಜಿನ್ನು ಮೊಳದುದ್ದದ್ದು, ಉಗಿ ರೈಲಿನ ಮಾದರಿ. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಅವನು ಪಾಳಿ ಮುಗಿದ ಮೇಲೆ ಕೂತು ನಾಲ್ಕು ವರ್ಷ ಅರ ತಿಕ್ಕಿ ಮಾಡಿದ್ದು. ಇನ್ನೊಂದು ಮಾಡುವಷ್ಟು ಕಣ್ಣು ಈಗ ಉಳಿದಿರಲಿಲ್ಲ.

ನೆಲ ಸಪಾಟಾಗಿತ್ತು. ಆದರೂ ಹಳಿ ಸೊಂಟದೆತ್ತರದ ಇಟ್ಟಿಗೆ ಕಂಬಗಳ ಮೇಲಿತ್ತು, ಸಾಹುಕಾರರ ತಾಯಿ ಕಸ್ತೂರಮ್ಮ ಕುರ್ಚಿಯಲ್ಲಿ ಕೂತೇ ನೋಡಬೇಕಿತ್ತಲ್ಲ. ಪೂರ್ತಿ ಸುತ್ತಿನ ನಕ್ಷೆ ಸಿದ್ಧವಿತ್ತು. ಮೊದಲು ಒಂದು ನೇರ, ಒಂದು ತಿರುವು ಹಾಕಿ ತೋರಿಸಿ, ಉಳಿದದ್ದು ಆಮೇಲೆ ಎಂದಿದ್ದರು ವಾಮದೇವಪ್ಪ.

ಹಳಿ ಹಾಕಿದವರು ಜಮಾಲುದ್ದೀನ್, ರೈಲ್ವೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮೇಸ್ತ್ರಿ. ಓಡುವ ಗಾಡಿ ಹೊರಕ್ಕೆ ಉರುಳದಂತೆ ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸುವುದು ಅವರ ಕೈಗೆ ಅಂಟಿದ ಅಭ್ಯಾಸ. ತಿರುವು ಬಿಗಿಯಾದಷ್ಟೂ ಎತ್ತರ ಜಾಸ್ತಿ. ಇಲ್ಲಿ ಅದು ತೀರಾ ಬಿಗಿ. ಎರಡು ಹಳಿಗಳ ನಡುವೆ ಎರಡೂವರೆ ಇಂಚಷ್ಟೇ, ಹೊರಹಳಿಯ ಕೆಳಗೆ ಅವರು ಮುಕ್ಕಾಲು ಇಂಚಿನ ಬೆಣೆ ಕೊಟ್ಟಿದ್ದರು.

“ಸಾಬ್ರೇ, ಇದು ನಡಿಗಿ ವೇಗದ ಗಾಡಿ. ಇಷ್ಟು ವಾಲಿಸ್ಬೇಕಾ?”

“ಮೇಲ್ ರೈಲು ದಾಟಿಸಿದ ಕೈ ಲೇ ಇದು. ನೀನು ನಿನ್ನ ನಟ್ಟು ನೋಡ್ಕ ಹೋಗು.”

“ಓಡೋವಾಗ ಇರ್ಲಿ. ನಿಂತ್ರೆ ಹೆಂಗೆ?”

“ತಿರುವಿನಾಗೆ ಯಾವ ಹುಚ್ಚ ಗಾಡಿ ನಿಲ್ಲಿಸ್ತಾನೆ?”

ಬೆಣೆ ತೆಗೆಯಿರಿ ಎನ್ನುವ ಮಾತು ಶಿವಮೂರ್ತಪ್ಪನ ಬಾಯಿಗೆ ಬಂತು. ಅಷ್ಟರಲ್ಲಿ ಕಸ್ತೂರಮ್ಮನ ಕುರ್ಚಿ ಹೊರಗೆ ಬಂತು, ಹಿಂದೆಯೇ ಸಾಹುಕಾರರು.

“ಗಾಡಿ ಬಿಡಪ್ಪ, ನೋಡೋಣ.”

ಶಿವಮೂರ್ತಪ್ಪ ಉಗಿಯ ಕೀಲು ತಿರುಗಿಸಿದ. ಎಂಜಿನ್ನು ನೇರ ಹಳಿಯನ್ನು ಸಲೀಸಾಗಿ ದಾಟಿತು. ಅವನು ಪಕ್ಕದಲ್ಲೇ, ತಿರುವಿನ ಒಳಬದಿಗೆ ನಡೆದ. ತಿರುವು ಹತ್ತುತ್ತಲೇ ಗಾಡಿ ಅವನತ್ತ ವಾಲಿತು. ಬಾಯ್ಲರಿನಲ್ಲಿ ನೀರು ಆ ಕಡೆಗೇ ಸರಿದಿರಬೇಕು, ಹೊರಗಿನ ಚಕ್ರಗಳು ಹಳಿಯ ಮೇಲೆ ತಡವರಿಸಿದವು. ಇನ್ನು ನಾಲ್ಕು ಕಂಬ ದಾಟಿದರೆ ತಿರುವು ಮುಗಿದು ಹಳಿ ಸಮವಾಗುತ್ತಿತ್ತು.

“ಅಲ್ಲೇ ನಿಲ್ಸು, ನಿಲ್ಸು!” ಎಂದು ವಾಮದೇವಪ್ಪ ಕೂಗಿದರು. “ಅವ್ವ ನೋಡ್ಲಿ.”

“ಮುಂದೆ ನಿಲ್ಲಿಸ್ತೀನ್ರಿ…”

“ಮುಂದೆ ಆಕೀಗೆ ಕಾಣಲ್ಲೋ!”

ಕಸ್ತೂರಮ್ಮ ಕುರ್ಚಿಯ ತುದಿಗೆ ಸರಿದು ಕತ್ತು ಚಾಚಿದ್ದರು. ಶಿವಮೂರ್ತಪ್ಪ ಬಲಗೈಯಲ್ಲಿ ಕೀಲು ಮುಚ್ಚಿದ. ಗಾಡಿ ನಿಂತಿತು, ಹೊರಗಿನ ಚಕ್ರಗಳು ಮೇಲೆದ್ದವು. ಅವನು ಎಡ ಅಂಗೈಯನ್ನು ಬಾಯ್ಲರಿಗೆ ಒತ್ತಿ ಹಿಡಿದ. ಚರ್ಮ ಸುಟ್ಟ ವಾಸನೆ ಬಂತು. ಕೈ ತೆಗೆಯಲಿಲ್ಲ.

“ಗೋಣಿ ತರ್ರೋ!” ಎನ್ನುತ್ತ ಓಡಿಬಂದ ಜಮಾಲುದ್ದೀನ್ ಗೋಣಿತಾಟು ಸುತ್ತಿ ಎಂಜಿನ್ನನ್ನು ಎತ್ತಿ ಹುಲ್ಲಿನ ಮೇಲಿಟ್ಟರು. ಒಂದು ಸ್ಕ್ರೂ ಕೂಡ ಕದಲಿರಲಿಲ್ಲ.

“ನಿಂತ್ರೆ ಹೆಂಗೆ ಅಂತ ಕೇಳಿದ್ದಲ್ಲೋ ನೀನು,” ಎಂದವರು ಸುತ್ತಿಗೆ ತೆಗೆದುಕೊಂಡು ಬೆಣೆಗಳನ್ನು ಒಂದೊಂದಾಗಿ ಹೊಡೆದು ಉದುರಿಸಿದರು.

ಸಾಹುಕಾರರು ಮಧ್ಯಾಹ್ನವೇ ಉಳಿದ ಕಂಬಗಳಿಗೆ ಇಟ್ಟಿಗೆ ಹೇಳಿ ಕಳಿಸಿದರು. ಶಿವಮೂರ್ತಪ್ಪ ಅಂಗೈ ಮಾಯ್ದು ಕಾರ್ಖಾನೆಯ ಲೇತಿನ ಮುಂದೆ ಮತ್ತೆ ನಿಂತದ್ದು ಇಪ್ಪತ್ತಮೂರು ದಿನಗಳ ಮೇಲೆ.